ಕೋಗಳಿಯ ಬಸದಿ ಮತ್ತು ಐದು ಶತಮಾನಗಳ ನೆನಪು

ಕ್ರಿ.ಶ. 1055ರಲ್ಲಿ, ಕಲ್ಯಾಣ ಚಾಲುಕ್ಯರ ತ್ರೈಲೋಕ್ಯಮಲ್ಲ ಒಂದನೆಯ ಸೋಮೇಶ್ವರನ ಆಳ್ವಿಕೆಯಲ್ಲಿ, ಕೋಗಳಿಯ ಬಸದಿಗೆ ಇಂದ್ರಕೀರ್ತಿ ಮುನಿಗಳು ದತ್ತಿ ಬಿಟ್ಟರು. ಆ ದತ್ತಿಯ ಶಾಸನವು ಬಸದಿಯನ್ನು ಕಟ್ಟಿಸಿದವನು ಗಂಗ ದೊರೆ ದುರ್ವಿನೀತನೆಂದು ಹೇಳುತ್ತದೆ. ದುರ್ವಿನೀತ ಆರನೆಯ ಶತಮಾನದವನು. ಕಟ್ಟಿಸಿದವನಿಗೂ ಶಾಸನ ಬರೆಸಿದವರಿಗೂ ನಡುವೆ ಸುಮಾರು ಐನೂರು ವರ್ಷಗಳ ಅಂತರವಿದೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ದುರ್ವಿನೀತ ಅಪರಿಚಿತನಲ್ಲ. ಕವಿರಾಜಮಾರ್ಗವು ಕನ್ನಡದ ಗದ್ಯಕರ್ತೃಗಳ ಸಾಲಿನಲ್ಲಿ ಹೆಸರಿಸುವ ದುರ್ವಿನೀತ ಈ ಗಂಗ ದೊರೆಯೇ ಎಂದು ಬಹುಮಂದಿ ವಿದ್ವಾಂಸರು ಒಪ್ಪಿದ್ದಾರೆ. ಆದ್ದರಿಂದ ಕೋಗಳಿಯ ಶಾಸನವನ್ನು ಆತನ ಜೈನಪಕ್ಷಪಾತಕ್ಕೆ ಆಧಾರವೆಂದು ಬಳಸುವುದು ರೂಢಿಯಾಗಿದೆ. ಐನೂರು ವರ್ಷ ತಡವಾದ ಸಾಕ್ಷ್ಯಕ್ಕೆ ಅಷ್ಟು ಭಾರ ಹೊರಿಸುವುದು ಸರಿಯೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಆ ಚರ್ಚೆಯಲ್ಲಿ ಇನ್ನೊಂದು ಪ್ರಶ್ನೆ ಮರೆಯಾಗುತ್ತದೆ: ಹನ್ನೊಂದನೆಯ ಶತಮಾನದ ಕೋಗಳಿಯ ಜನ ದುರ್ವಿನೀತನನ್ನು ಹೇಗೆ ಬಲ್ಲವರಾಗಿದ್ದರು?

ಫ್ರೆಂಚ್ ಸಮಾಜಶಾಸ್ತ್ರಜ್ಞ ಮಾರಿಸ್ ಹಾಲ್‌ಬ್ವಾಕ್ಸ್ 1925ರ ತನ್ನ ಕೃತಿಯಲ್ಲಿ, ವ್ಯಕ್ತಿಯ ನೆನಪು ಕೂಡ ಸಮುದಾಯದ ಚೌಕಟ್ಟಿನೊಳಗೇ ನಿಲ್ಲುತ್ತದೆ ಎಂದು ವಾದಿಸಿದ. ನೆನಪನ್ನು ಹೊರುವ ಗುಂಪು ಚದುರಿದರೆ ನೆನಪೂ ಚದುರುತ್ತದೆ. ಕೋಗಳಿಯಲ್ಲಿ ಆ ಗುಂಪನ್ನು ಊಹಿಸುವುದು ಕಷ್ಟವಲ್ಲ. ಗುರುವಿನಿಂದ ಶಿಷ್ಯನಿಗೆ ಸಾಗುವ ಮುನಿಪರಂಪರೆ, ಪೂಜೆ ನಡೆಸುವ ಶ್ರಾವಕರು, ದತ್ತಿಯ ಹೊಲ ಉಳುವ ಒಕ್ಕಲು, ಎಲ್ಲೆಯ ಕಲ್ಲುಗಳನ್ನು ಬಲ್ಲ ಊರ ಹಿರಿಯರು. ಇವರೆಲ್ಲ ದಿನನಿತ್ಯ ಒಬ್ಬರೊಡನೊಬ್ಬರು ವ್ಯವಹರಿಸುತ್ತಿದ್ದುದರಿಂದಲೇ ಒಂದು ಹೆಸರು ಬಾಳಿತು.

ಅಷ್ಟೇ ಅಲ್ಲ. ಹತ್ತನೆಯ ಶತಮಾನದಲ್ಲಿ ಗಂಗ ಇಮ್ಮಡಿ ಮಾರಸಿಂಹ ನೊಳಂಬರನ್ನು ಗೆದ್ದು ನೊಳಂಬಕುಲಾಂತಕನೆನಿಸಿಕೊಂಡ. ಪರಮ ಜೈನನಾದ ಆತ ಬಂಕಾಪುರದಲ್ಲಿ ಅಜಿತಸೇನರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟ. ನೊಳಂಬವಾಡಿ ಮೂವತ್ತೆರಡು ಸಾವಿರದ ಭಾಗವಾಗಿದ್ದ ಕೋಗಳಿ ಐನೂರರಲ್ಲಿ ಗಂಗರ ಹೆಸರಿಗೆ ಮತ್ತೆ ಬೆಲೆ ಬಂದ ಕಾಲವದು. ಮಸುಕಾಗಿದ್ದ ದುರ್ವಿನೀತನ ನೆನಪು ಆಗ ಮರಳಿ ಚಿಗುರಿರಬಹುದು. ಇದು ಊಹೆ, ಆದರೆ ನೆನಪು ಉಗ್ರಾಣದಲ್ಲಿಟ್ಟ ಕಾಳಿನಂತೆ ಸುಮ್ಮನೆ ಉಳಿಯುವುದಿಲ್ಲ, ಅದನ್ನು ಬೇಕೆನ್ನುವವರು ಬೇಕಾಗುತ್ತಾರೆ. 1055ರಲ್ಲಿಯೂ ದತ್ತಿ ಕೊಡುವವರಿಗೆ ಅದು ಬೇಕಾಗಿತ್ತು. ಬಸದಿ ಪುರಾತನವೆಂದಷ್ಟೂ ದತ್ತಿಗೆ ರಕ್ಷೆ.

ಕೋಗಳಿ ಐನೂರು ಜೈನರದಷ್ಟೇ ನಾಡಲ್ಲ. ಬಾಗಳಿಯಲ್ಲಿ ಕಲ್ಲೇಶ್ವರ, ಅಗ್ರಹಾರದ ಮಹಾಜನರು, ಮೋರಿಗೇರಿಯಲ್ಲಿ ಕಾಳಾಮುಖ ಯತಿಗಳು, ಕುರುವತ್ತಿಯಲ್ಲಿ ಮಲ್ಲಿಕಾರ್ಜುನ. ದೇವರು ಬೇರೆ, ಶಾಸ್ತ್ರ ಬೇರೆ. ದಾನಶಾಸನದ ಧಾಟಿ ಮಾತ್ರ ಒಂದೇ. ಅರಸನ ಬಿರುದು, ತಿಥಿ, ಭೂಮಿಯ ಎಲ್ಲೆ, ಧರ್ಮವನ್ನು ಕೆಡಿಸಿದವನಿಗೆ ಶಾಪ. ತತ್ತ್ವದಲ್ಲಿ ಎಂದೂ ಒಪ್ಪದವರು ಕೊಡುವುದರ, ಕಾಯುವುದರ ಭಾಷೆಯಲ್ಲಿ ಒಂದಾಗಿದ್ದರು. ಈ ಒಮ್ಮತವನ್ನು ಯಾರೂ ಕುಳಿತು ರೂಪಿಸಿದ್ದಲ್ಲ. ಅದು ಬಳಕೆಯಿಂದ ಬೆಳೆದದ್ದು.

ಹದಿಮೂರನೆಯ ಶತಮಾನಕ್ಕೆ ಬಂದರೆ ಚಿತ್ರ ಬದಲಾಗುತ್ತದೆ. ಶ್ರೀರಂಗದ ಬಳಿಯ ಕಣ್ಣನೂರಿನಿಂದ ಆಳಿದ ಹೊಯ್ಸಳ ರಾಮನಾಥನ ಹೆಸರು 1276ರ ಸುಮಾರಿಗೆ ದೂರದ ಕೋಗಳಿಯಲ್ಲಿ ಕಾಣಿಸುತ್ತದೆ. ಚೆನ್ನಪಾರ್ಶ್ವನಿಗೆ ಆತ ಹೊನ್ನು ಕೊಟ್ಟ. ಅರಸನ ಹೊನ್ನಿಗಿಂತ ಕುತೂಹಲದ್ದು ಅದೇ ಬಸದಿಯ ಇನ್ನೊಂದು ಬರಹ. ಚೆನ್ನಪಾರ್ಶ್ವನ ನಿತ್ಯಾಭಿಷೇಕಕ್ಕೆಂದು ಹಲವು ಭಕ್ತರು ಹಣ ಕೊಟ್ಟುದನ್ನು ಅದು ದಾಖಲಿಸುತ್ತದೆ. ಒಬ್ಬನ ದೊಡ್ಡ ದತ್ತಿಯ ಜೊತೆಗೆ ಹಲವರ ಪಾಲು ಸೇರಿತು. ದುರ್ವಿನೀತನ ಬಸದಿ ಈಗ ಊರವರ ಬಸದಿ.

ಹತ್ತಿರದ ಕೊಟ್ಟೂರಿನಲ್ಲಿ ಬೇರೆಯೇ ಕಥೆ. ಗುರು ಬಸವೇಶ್ವರರು ಜೈನರನ್ನು ವಾದದಲ್ಲಿ ಗೆದ್ದು ಬಸದಿಯಲ್ಲಿ ಲಿಂಗ ಸ್ಥಾಪಿಸಿದರೆಂಬ ಸ್ಥಳಪರಂಪರೆಯನ್ನು 1904ರ ಬಳ್ಳಾರಿ ಗೆಜೆಟಿಯರ್‌ನಲ್ಲಿ ಫ್ರಾನ್ಸಿಸ್ ದಾಖಲಿಸಿದ್ದಾನೆ. ಇದನ್ನು ಅಕ್ಷರಶಃ ನಂಬುವವರೂ ಕಟ್ಟುಕಥೆಯೆಂದು ತಳ್ಳುವವರೂ ಒಂದೇ ತಪ್ಪು ಮಾಡುತ್ತಾರೆ. ತಲೆಮಾರುಗಳುದ್ದಕ್ಕೂ ಮದುವೆ, ಮಾರುಕಟ್ಟೆ, ಮಠಗಳ ಮೂಲಕ ನಡೆದಿರಬಹುದಾದ ಬದಲಾವಣೆಯನ್ನು ಸಮುದಾಯ ಒಂದು ದಿನದ ವಾದವಾಗಿ ನೆನೆಯುತ್ತದೆ. ಕೋಗಳಿಯ ಜನ ದುರ್ವಿನೀತನನ್ನು ನೆನೆದದ್ದೂ ಇದೇ ಬಗೆಯ ಕೆಲಸ. ಒಂದನ್ನು ಇತಿಹಾಸವೆಂದೂ ಇನ್ನೊಂದನ್ನು ಪುರಾಣವೆಂದೂ ಬೇರ್ಪಡಿಸಿದ್ದು ಕಲ್ಲು ಮತ್ತು ಓಲೆಗರಿಯ ವ್ಯತ್ಯಾಸವಷ್ಟೇ.

ಎಪಿಗ್ರಾಫಿಯ ಕರ್ನಾಟಿಕದ ಹಳೆಯ ಸಂಪುಟಗಳಲ್ಲಿ ಕೋಗಳಿಯನ್ನು ಹುಡುಕುವ ಸಂಶೋಧಕ ಬರಿಗೈಯಲ್ಲಿ ಮರಳುತ್ತಾನೆ. ಬಳ್ಳಾರಿ 1953ರವರೆಗೆ ಮದರಾಸಿನದಾಗಿದ್ದುದರಿಂದ ಈ ಶಾಸನಗಳು ದಕ್ಷಿಣ ಭಾರತ ಶಾಸನಗಳ ಒಂಬತ್ತನೆಯ ಸಂಪುಟದಲ್ಲಿ, 1939ರಲ್ಲಿ, ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣ ರಾವ್ ಅವರ ಸಂಪಾದನೆಯಲ್ಲಿ ಬಂದವು. ಅಭಿಷೇಕಕ್ಕೆ ಹಣ ಕೊಟ್ಟವರನ್ನು ಬಲ್ಲೆನೆನ್ನುವವರು ಅಲ್ಲಿಗೇ ಹೋಗಬೇಕು.