ಜೋಶಿ ಮಾಸ್ತರರ ಮಗ: ಗದಗದ ಅಪ್ಪ, ಕುಂದಗೋಳದ ಗುರು

ಇವತ್ತು ಒಂದು ಅಂಗಿಯಿಂದ ಮಾತು ಶುರು ಮಾಡೋಣ. ಸುಮಾರು ನೂರು ವರ್ಷದ ಹಿಂದಿನ ಗದಗ. ಅಲ್ಲೊಬ್ಬ ಹುಡುಗ. ಬೀದಿಯಲ್ಲಿ ಬ್ಯಾಂಡ್ ಬಾರಿಸ್ತಾ ಮೆರವಣಿಗೆ ಹೊರಟರೆ ಸಾಕು, ಹಿಂದೆಯೇ ಹೋಗಿಬಿಡ್ತಿದ್ದ. ಸುಸ್ತಾದ ಜಾಗದಲ್ಲೇ ಮಲಗಿಬಿಡ್ತಿದ್ದ. ಹುಡುಕಿ ಹುಡುಕಿ ದಣಿದ ಅಪ್ಪ ಕೊನೆಗೆ ಮಗನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಅಂತ ಬರೆದುಬಿಟ್ಟರಂತೆ. ಸಿಕ್ಕವರು ಮನೆಗೆ ತಂದು ಬಿಡಲಿ ಅಂತ.

ಆ ಹುಡುಗನೇ ಭೀಮಸೇನ ಜೋಶಿ. ಹುಟ್ಟಿದ್ದು 1922ರಲ್ಲಿ. ಅಪ್ಪ ಗುರುರಾಜ ಜೋಶಿ ಶಾಲೆಯ ಮಾಸ್ತರರು. ಪಂಡಿತ್‌ಜಿ ಹಾಡಿನ ಬಗ್ಗೆ ತಿಳಿದವರು ತುಂಬಾ ಬರೆದಿದ್ದಾರೆ. ನಾನು ಇವತ್ತು ಹೇಳಬೇಕು ಅಂದ್ಕೊಂಡಿರೋದು ಈ ಮಾಸ್ತರರ ಬಗ್ಗೆ. ಗಂಡು ಹುಡುಗನ್ನ ಬೆಳೆಸೋದರಲ್ಲಿ ಅಪ್ಪನ ಕೆಲಸ ಏನು ಅನ್ನೋ ಪ್ರಶ್ನೆಗೆ ಅವರ ಬದುಕಿನಲ್ಲಿ ಒಂದು ಒಳ್ಳೆ ಉತ್ತರ ಇದೆ.

ಮನೆಯಲ್ಲಿ ತಾಯಿ ಗೋದಾವರಿಬಾಯಿ ಭಜನೆ ಹಾಡ್ತಿದ್ದರು. ಹುಡುಗನ ಕಿವಿಗೆ ಮೊದಲು ಬಿದ್ದ ಹಾಡು ಅದು. ಆಮೇಲೆ ಕುರ್ತಕೋಟಿಯ ಚನ್ನಪ್ಪ ಎಂಬ ಗಾಯಕರ ಬಳಿ ಒಂದಿಷ್ಟು ಪಾಠವೂ ಆಯ್ತು. ಆದರೆ ಅಬ್ದುಲ್ ಕರೀಮ್ ಖಾನರ ಗ್ರಾಮಫೋನ್ ರೆಕಾರ್ಡ್ ಕೇಳಿದ ಮೇಲೆ ಹುಡುಗನಿಗೆ ಊರು ಸಾಲದಾಯ್ತು. 1933ರಲ್ಲಿ, ಹನ್ನೊಂದನೇ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಊಟಕ್ಕೆ ಕೂತಾಗ ತುಪ್ಪದ ವಿಷಯಕ್ಕೆ ಮುನಿಸಿಕೊಂಡು ಹೋದ ಅನ್ನೋ ಕಥೆಯೂ ಇದೆ. ಕೈಯಲ್ಲಿ ದುಡ್ಡಿಲ್ಲ. ರೈಲಿನಲ್ಲಿ ಹಾಡ್ತಾ, ಸಹಪ್ರಯಾಣಿಕರು ಕೊಟ್ಟದ್ದನ್ನು ತಿಂತಾ ಪುಣೆ, ಗ್ವಾಲಿಯರ್, ಕಲ್ಕತ್ತಾ, ದಿಲ್ಲಿ ಅಂತ ಸುತ್ತಿದ. ಕೊನೆಗೆ ಮುಟ್ಟಿದ್ದು ಪಂಜಾಬಿನ ಜಲಂಧರ್.

ಜಲಂಧರ್‌ನಲ್ಲಿ ಹರಿವಲ್ಲಭ ಸಂಗೀತ ಮೇಳ ನಡೆಯುತ್ತೆ. ಅಲ್ಲಿಗೆ ಬಂದಿದ್ದ ಗಾಯಕ ವಿನಾಯಕರಾವ್ ಪಟವರ್ಧನರು ಈ ಹುಡುಗನಿಗೆ ಹೇಳಿದ್ದು ಇಷ್ಟು: ಇಷ್ಟು ದೂರ ಯಾಕೆ ಬಂದೆ, ನಿನ್ನ ಊರಿನ ಹತ್ತಿರವೇ ಸವಾಯಿ ಗಂಧರ್ವರಿದ್ದಾರಲ್ಲ, ಅವರ ಹತ್ತಿರ ಕಲಿ. ಗದಗದಿಂದ ಎರಡು ಸಾವಿರ ಕಿಲೋಮೀಟರಿಗೂ ಆಚೆ ಹೋದವನಿಗೆ ಸಿಕ್ಕಿದ್ದು ಕುಂದಗೋಳದ ವಿಳಾಸ! ಹುಬ್ಬಳ್ಳಿಯಿಂದ ಸುಮಾರು 20 ಕಿಲೋಮೀಟರ್.

ಅಪ್ಪನೂ ಸುಮ್ಮನೆ ಕೂತಿರಲಿಲ್ಲ. ಹುಡುಕಿ ಪತ್ತೆಹಚ್ಚಿ ಮಗನನ್ನು ಮನೆಗೆ ಕರೆತಂದರು. ಇಲ್ಲಿ ಒಂದು ಕ್ಷಣ ನಿಲ್ಲಿ. ಮೂರು ವರ್ಷ ಮಗ ಕೈಗೆ ಸಿಕ್ಕಿಲ್ಲ. ಈಗ ಸಿಕ್ಕಿದ್ದಾನೆ. ನಾವಾಗಿದ್ದರೆ ಏನು ಮಾಡ್ತಿದ್ವಿ? ಇನ್ನು ಕಣ್ಣಮುಂದೆಯೇ ಇರಲಿ, ಶಾಲೆ ಮುಗಿಸಲಿ, ನೌಕರಿ ಹಿಡಿಯಲಿ ಅಂತಿದ್ವಿ ಅಲ್ವಾ? ಗುರುರಾಜ ಮಾಸ್ತರರು ಅದೇ ಮಗನನ್ನು 1936ರಲ್ಲಿ ಇನ್ನೊಬ್ಬರ ಮನೆಗೆ ಬಿಟ್ಟುಬಂದರು. ಸವಾಯಿ ಗಂಧರ್ವರ ಮನೆಗೆ.

ತನ್ನಿಂದ ಕೊಡಲು ಆಗದ್ದು ಮಗನಿಗೆ ಬೇಕಾಗಿದೆ ಅಂತ ಗೊತ್ತಾದಾಗ, ಅದನ್ನು ಕೊಡಬಲ್ಲ ಇನ್ನೊಬ್ಬ ಗಂಡಸನ್ನು ಗುರುತಿಸಿ, ಅವನನ್ನು ನಂಬಿ ಮಗನನ್ನು ಒಪ್ಪಿಸೋದು. ಅಪ್ಪನ ಕೆಲಸಗಳಲ್ಲೆಲ್ಲ ಕಷ್ಟದ್ದು ಇದೇ ಅಂತ ನನಗನ್ನಿಸುತ್ತೆ.

ಸವಾಯಿ ಗಂಧರ್ವರ ನಿಜವಾದ ಹೆಸರು ರಾಮಭಾವು ಕುಂದಗೋಳಕರ. ಹುಡುಗ ಮರುಳಾಗಿದ್ದ ಅದೇ ಅಬ್ದುಲ್ ಕರೀಮ್ ಖಾನರ ಶಿಷ್ಯರು. ಮರಾಠಿ ನಾಟಕಗಳಲ್ಲಿ ಹೆಸರು ಮಾಡಿದವರು. ಅವರ ಮನೆಯಲ್ಲಿ ಭೀಮಸೇನ ನೀರು ಹೊತ್ತ, ಮನೆಗೆಲಸ ಮಾಡಿದ. ಪಾಠ ಅಂದ್ರೆ ಮುಖ್ಯವಾಗಿ ಮೂರೇ ರಾಗ: ತೋಡಿ, ಮುಲ್ತಾನಿ, ಪೂರಿಯಾ. ಅವನ್ನೇ ತಿರುಗಿ ತಿರುಗಿ ಹಾಡಬೇಕು. ಅದೇ ಗುರುಗಳ ಬಳಿ ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಕಲೀತಿದ್ದರು. ಪಾಠ ಮುಗಿದ ಮೇಲೆ ಅಕ್ಕನನ್ನು ಸ್ಟೇಷನ್‌ವರೆಗೆ ಬಿಟ್ಟು ಬರೋದು ಈ ಹುಡುಗನ ಕೆಲಸ. ಊರೂರು ಅಲೆದವನು ಒಂದೇ ಜಾಗದಲ್ಲಿ ಸುಮಾರು ನಾಲ್ಕು ವರ್ಷ ನಿಂತ.

ಹಾಗಂತ ಆ ಕಾಲವೇ ಚಿನ್ನ ಅಂತ ನಾನು ಹೇಳ್ತಿಲ್ಲ. ಗುರುವಿನ ಮನೆಯ ಚಾಕರಿ ಇವತ್ತಿನ ಮಕ್ಕಳಿಗೆ ಬೇಕಾಗಿಲ್ಲ, ಹೊಡೆತ ಬಡಿತ ಅಂತೂ ಬೇಡವೇ ಬೇಡ. ಒಳ್ಳೆ ಗುರು ಸಿಕ್ಕ ಮಾತ್ರಕ್ಕೆ ಬದುಕು ಸಲೀಸೂ ಆಗಲ್ಲ. ಭೀಮಸೇನರೂ ಮುಂದೆ ಕುಡಿತದ ಜೊತೆ ವರ್ಷಗಟ್ಟಲೆ ಗುದ್ದಾಡಬೇಕಾಯ್ತು. ಆದರೆ ಅವರ ನೆಲೆ ತಪ್ಪಲಿಲ್ಲ. 1946ರಲ್ಲಿ ಗುರುಗಳ ಅರವತ್ತರ ಸಮಾರಂಭಕ್ಕೆ ಪುಣೆಯಲ್ಲಿ ಹಾಡಿ ಹೆಸರಾದರು. 1952ರಲ್ಲಿ ಗುರುಗಳು ತೀರಿಕೊಂಡರು. ಮರುವರ್ಷವೇ ಪುಣೆಯಲ್ಲಿ ಅವರ ನೆನಪಿನ ಸಂಗೀತೋತ್ಸವ ಶುರುವಾಯ್ತು. ಮುಂದೆ ದಶಕಗಳ ಕಾಲ ಭೀಮಸೇನರೇ ಅದಕ್ಕೆ ಬೆನ್ನೆಲುಬು. 2008ರಲ್ಲಿ ಭಾರತರತ್ನ ಘೋಷಣೆಯಾಯ್ತು. ಅಷ್ಟು ಎತ್ತರಕ್ಕೆ ಹೋದವರು ಉತ್ಸವಕ್ಕೆ ಇಟ್ಟ ಹೆಸರು ಗುರುವಿನದು.

ಈಗ ನಮ್ಮ ಮಾತಿಗೆ ಬರೋಣ. ಪುಣೆಯ ವಾಕಡ್ ಇರಲಿ, ಹೈದರಾಬಾದಿನ ಕೊಂಡಾಪುರ ಇರಲಿ, ನಮ್ಮ ಹತ್ತು ವರ್ಷದ ಹುಡುಗ ದಿನಕ್ಕೆ ಎಷ್ಟು ಜನ ದೊಡ್ಡ ಗಂಡಸರನ್ನು ಹತ್ತಿರದಿಂದ ನೋಡ್ತಾನೆ? ಗೇಟಿನ ವಾಚ್‌ಮನ್, ಸ್ಕೂಲ್ ಬಸ್ಸಿನ ಡ್ರೈವರ್, ರಾತ್ರಿ ಒಂಬತ್ತಕ್ಕೂ ಲ್ಯಾಪ್‌ಟಾಪ್ ಮುಂದೆ ಕೂತ ಅಪ್ಪ. ಅಜ್ಜ ಭಾನುವಾರ ವಿಡಿಯೋ ಕಾಲ್‌ನಲ್ಲಿ. ಊರಲ್ಲಾಗಿದ್ದರೆ ದೊಡ್ಡಪ್ಪ, ಸೋದರಮಾವ, ಭಜನೆಯ ಹಿರಿಯರು, ಗರಡಿಯ ಉಸ್ತಾದ್, ಸೈಕಲ್ ಅಂಗಡಿಯವರು ಅಂತ ಒಂದು ಪಟ್ಟಿಯೇ ಇರ್ತಿತ್ತು. ಯಾರಿಂದ ಏನು ಕಲಿಯಬೇಕು, ಯಾರ ಹಾಗೆ ಆಗಬಾರದು ಅನ್ನೋದು ಎರಡೂ ಅಲ್ಲೇ ತಿಳೀತಿತ್ತು. ಊರು ಬಿಟ್ಟಾಗ ನಾವು ಸಂಬಳದ ಲೆಕ್ಕ ಹಾಕಿದ್ವಿ. ಈ ಪಟ್ಟಿ ಅಲ್ಲೇ ಉಳೀತು.

ಆ ಜಾಗವನ್ನೆಲ್ಲ ಅಪ್ಪ ಒಬ್ಬನೇ ತುಂಬೋಕೆ ಹೊರಟರೆ ಅವನೂ ಸೋಲ್ತಾನೆ, ಮಗನೂ ಉಸಿರುಗಟ್ತಾನೆ. ಕ್ಲಾಸಿಗೆ ಫೀಸ್ ಕಟ್ಟಿ ಗೇಟಿನಲ್ಲಿ ಇಳಿಸಿ ಬರೋದು ಒಪ್ಪಿಸೋದಲ್ಲ. ಕಲಿಸುವವರು ಎಂಥವರು, ಸೋತ ಹುಡುಗನ ಜೊತೆ ಹೇಗೆ ಮಾತಾಡ್ತಾರೆ, ಹೆಣ್ಣುಮಕ್ಕಳನ್ನು ಹೇಗೆ ಕಾಣ್ತಾರೆ, ಮಗ ಅಲ್ಲಿಂದ ಬರುವಾಗ ಅವನ ಮುಖ ಹೇಗಿರುತ್ತೆ, ಇದನ್ನೆಲ್ಲ ನೋಡಿ ಆಮೇಲೆ ನಂಬಬೇಕು. ತಬಲಾ ಮೇಷ್ಟ್ರಾಗಲಿ, ಫುಟ್‌ಬಾಲ್ ಕೋಚ್ ಆಗಲಿ, ಕನ್ನಡ ಸಂಘದ ಹಿರಿಯರಾಗಲಿ.

ಪುಣೆಯಲ್ಲಿ ಇರೋರು ಡಿಸೆಂಬರ್‌ನಲ್ಲಿ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವಕ್ಕೆ ಮಗನನ್ನೂ ಕರ್ಕೊಂಡು ಹೋಗಿ. ಹೆಸರಲ್ಲಿ ಗುರು, ಶಿಷ್ಯ ಇಬ್ಬರೂ ಇದ್ದಾರೆ. ಗದಗದ ಮಾಸ್ತರರ ಹೆಸರಿಲ್ಲ, ಅದನ್ನು ನೀವೇ ಅವನಿಗೆ ಹೇಳಿ.