ಚುನಾವಣಾ ಜಾಹೀರಾತು ನೋಡಿ ಮತದಾರ ಮನಸ್ಸು ಬದಲಿಸ್ತಾನಾ? ಅಂಗಡಿಯವರು, ಮತದಾರರು ತಿಳಿದಿರಬೇಕಾದ ಪೂರ್ತಿ ಮಾಹಿತಿ

ಎಲೆಕ್ಷನ್ ಘೋಷಣೆ ಆಯಿತೆಂದರೆ ಸಾಕು, ಫೋನ್ ತೆಗೆದರೂ ಅದೇ, ಟಿವಿ ಹಾಕಿದರೂ ಅದೇ, ಸಂತೆಗೆ ಹೋದರೆ ಆಟೋ ಮೈಕಿನಲ್ಲೂ ಅದೇ. ಪಕ್ಷಗಳು ಜಾಹೀರಾತಿಗೆ ಕೋಟಿಗಟ್ಟಲೆ ಸುರಿಯುತ್ತವೆ. ಇದನ್ನೆಲ್ಲ ನೋಡಿ ಜನ ನಿಜಕ್ಕೂ ಓಟು ಬದಲಿಸ್ತಾರಾ? ಜಾಹೀರಾತು ಯಾವಾಗ ನಾಟುತ್ತೆ, ಯಾವಾಗ ನಾಟಲ್ಲ, ಇದರಲ್ಲಿ ಪಾಲಿಸಬೇಕಾದ ನಿಯಮಗಳೇನು ಎಂಬ ವಿವರ ಇಲ್ಲಿದೆ.

ಅಳತೆ ಮಾಡಿದವರು ಹೇಳಿದ್ದೇನು?

ಜಾಹೀರಾತಿನ ಪರಿಣಾಮವನ್ನು ಹೆಚ್ಚಾಗಿ ಅಳೆದು ನೋಡಿರುವುದು ಅಮೆರಿಕದಲ್ಲಿ. 2016ರ ಅಧ್ಯಕ್ಷೀಯ ಚುನಾವಣೆ ವೇಳೆ ಸಂಶೋಧಕರು 49 ಜಾಹೀರಾತುಗಳನ್ನು ಸುಮಾರು 34 ಸಾವಿರ ಜನರಿಗೆ ತೋರಿಸಿ 59 ಪ್ರಯೋಗ ನಡೆಸಿದರು. 2020ರಲ್ಲಿ ಫಲಿತಾಂಶ ಪ್ರಕಟವಾಯಿತು. ಮತದ ಆಯ್ಕೆಯಲ್ಲಿ ಕಂಡ ಸರಾಸರಿ ಬದಲಾವಣೆ ಶೇ. 1ಕ್ಕಿಂತಲೂ ಕಡಿಮೆ. ಹೊಗಳುವ ಜಾಹೀರಾತಾಗಲಿ, ತೆಗಳುವ ಜಾಹೀರಾತಾಗಲಿ, ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ಟೆಕ್ಸಾಸ್ ರಾಜ್ಯದಲ್ಲಿ 2006ರ ಗವರ್ನರ್ ಚುನಾವಣೆ ವೇಳೆ ಇನ್ನೊಂದು ಪ್ರಯೋಗ ನಡೆದಿತ್ತು. ಟಿವಿ ಜಾಹೀರಾತು ಬಂದ ಕೂಡಲೇ ಅಭ್ಯರ್ಥಿಯ ಬೆಂಬಲ ಚೆನ್ನಾಗಿಯೇ ಏರಿತು. ಆದರೆ ಒಂದು ವಾರ ಕಳೆಯುವಷ್ಟರಲ್ಲಿ ಇಳಿದೂ ಹೋಯಿತು. ಪಕ್ಷಗಳು ಕೊನೆಯ ದಿನಗಳಲ್ಲಿ ಮುಗಿಬಿದ್ದು ಜಾಹೀರಾತು ಕೊಡುವುದೇಕೆ ಎಂಬುದು ಇದರಿಂದ ಗೊತ್ತಾಗುತ್ತೆ.

ಇನ್ನೊಂದು ವಿಷಯವನ್ನು ಡೇವಿಸನ್ ಎಂಬ ಸಮಾಜ ವಿಜ್ಞಾನಿ 1983ರಲ್ಲೇ ಗುರುತಿಸಿದ್ದರು. 'ನಾನು ಇಂಥದ್ದಕ್ಕೆಲ್ಲ ಮರುಳಾಗಲ್ಲ, ಬೇರೆಯವರು ಮರುಳಾಗ್ತಾರೆ' ಅಂತ ಪ್ರತಿಯೊಬ್ಬರೂ ಅಂದುಕೊಳ್ಳುತ್ತಾರೆ. ಅಂಗಡಿ ಕಟ್ಟೆ ಮೇಲೆ ಕೂತು 'ಜನ ದುಡ್ಡಿಗೆ, ಪ್ರಚಾರಕ್ಕೆ ಬಿದ್ದೋಗ್ತಾರೆ' ಎನ್ನುವ ಮಾತು ಎಲ್ಲ ಊರಲ್ಲೂ ಕೇಳುತ್ತೆ. ಆ 'ಜನ'ರಲ್ಲಿ ತಾನೂ ಒಬ್ಬ ಅಂತ ಯಾರೂ ಒಪ್ಪಲ್ಲ.

ದೇಶದಲ್ಲಿ ಆಗಿದ್ದೇನು?

2004ರಲ್ಲಿ 'ಭಾರತ ಪ್ರಕಾಶಿಸುತ್ತಿದೆ' ಎಂಬ ಭಾರಿ ಪ್ರಚಾರ ನಡೆಯಿತು. ಆದರೆ ವಾಜಪೇಯಿ ನೇತೃತ್ವದ ಸರ್ಕಾರ ಸೋತಿತು. 1999ರಲ್ಲಿ 182 ಸ್ಥಾನ ಗೆದ್ದಿದ್ದ ಬಿಜೆಪಿ 138ಕ್ಕೆ ಇಳಿಯಿತು. ಬೆಳೆ ಕೈಕೊಟ್ಟ ಹಳ್ಳಿಯವರಿಗೆ ಆ ಹೊಳಪು ತಮ್ಮ ಮನೆಯದು ಅನ್ನಿಸಲಿಲ್ಲ ಎಂಬುದು ಅಂದಿನಿಂದ ಕೇಳಿಬಂದ ವಿಶ್ಲೇಷಣೆ. ಹತ್ತು ವರ್ಷದ ನಂತರ, 2014ರಲ್ಲಿ 'ಅಬ್ ಕೀ ಬಾರ್ ಮೋದಿ ಸರ್ಕಾರ್' ಎಂಬ ಘೋಷಣೆ ಮನೆ ಮನೆ ಮುಟ್ಟಿತು. ಅದೇ ಬಿಜೆಪಿ 282 ಸ್ಥಾನ ಗೆದ್ದಿತು. ಬೆಲೆ ಏರಿಕೆ, ಹಗರಣಗಳ ಬಗ್ಗೆ ಜನರಲ್ಲಿ ಮೊದಲೇ ಇದ್ದ ಸಿಟ್ಟಿಗೆ ಆ ಘೋಷಣೆ ದಾರಿ ತೋರಿಸಿತ್ತು.

ನಮ್ಮ ರಾಜ್ಯದ ಉದಾಹರಣೆ

2021ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘ ಶೇ. 40 ಕಮಿಷನ್ ಆರೋಪ ಮಾಡಿ ಪ್ರಧಾನಿಗೆ ಪತ್ರ ಬರೆದಿತ್ತು. ಆಗಿನ ಸರ್ಕಾರ ಆರೋಪ ತಳ್ಳಿಹಾಕಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಕಾಂಗ್ರೆಸ್ ಇದನ್ನೇ ಹಿಡಿದು ಬೆಂಗಳೂರಿನಲ್ಲಿ 'ಪೇಸಿಎಂ' ಪೋಸ್ಟರ್ ಅಂಟಿಸಿತು. ಕ್ಯೂಆರ್ ಕೋಡ್ ನಡುವೆ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರ ಮುಖ ಇತ್ತು. ಪೊಲೀಸರು ಕೇಸು ಹಾಕಿದರು, ಪೋಸ್ಟರ್ ಅಂಟಿಸಿದವರನ್ನು ಹಿಡಿದರು. ಅದರಿಂದಲೇ ಸುದ್ದಿ ಇನ್ನಷ್ಟು ಹರಡಿತು. ಪೋಸ್ಟರ್ ಕಣ್ಣಾರೆ ನೋಡದ ತಾಲ್ಲೂಕುಗಳಲ್ಲೂ ಅದರದ್ದೇ ಮಾತು.

2023ರ ಮೇ 10ರಂದು ಮತದಾನ ನಡೆದು ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19 ಸ್ಥಾನ ಗೆದ್ದವು. ಪೋಸ್ಟರಿನಿಂದಲೇ ಗೆದ್ದರು ಅನ್ನೋಕಾಗಲ್ಲ. ಗ್ಯಾರಂಟಿ ಕಾರ್ಡು, ಸ್ಥಳೀಯ ಅಭ್ಯರ್ಥಿ, ಜಾತಿ ಲೆಕ್ಕ ಎಲ್ಲವೂ ಇತ್ತು.

ಇದಕ್ಕೆ ಸಾಕ್ಷಿ ಮುಂದಿನ ವರ್ಷವೇ ಸಿಕ್ಕಿತು. 2024ರ ಲೋಕಸಭೆ ಚುನಾವಣೆಯಲ್ಲೂ ಕಾಂಗ್ರೆಸ್ ಗ್ಯಾರಂಟಿಗಳನ್ನೇ ಮುಂದಿಟ್ಟು ಪ್ರಚಾರ ಮಾಡಿತು. ಆ ಹೊತ್ತಿಗೆ ಮಹಿಳೆಯರ ಖಾತೆಗೆ 2,000 ರೂಪಾಯಿ ಬರುತ್ತಿತ್ತು, ಬಸ್ ಫ್ರೀ ಆಗಿತ್ತು. ಆದರೂ 28 ಸ್ಥಾನಗಳಲ್ಲಿ ಬಿಜೆಪಿ 17, ಜೆಡಿಎಸ್ 2, ಕಾಂಗ್ರೆಸ್ 9. ವಿಧಾನಸಭೆಗೊಂದು ಲೆಕ್ಕ, ದಿಲ್ಲಿಗೊಂದು ಲೆಕ್ಕ ಅಂತ ಮತದಾರ ತಾನೇ ತೂಗಿ ನೋಡಿದ್ದ.

ಒಟ್ಟಿನಲ್ಲಿ ತಿಳಿಯುವುದು ಇಷ್ಟು: ಜನರ ಮನಸ್ಸಲ್ಲಿ ಇಲ್ಲದ್ದನ್ನು ಜಾಹೀರಾತು ಹುಟ್ಟಿಸೋದು ಕಷ್ಟ. ಮೊದಲೇ ಇರುವ ಸಿಟ್ಟಿಗೋ ಆಸೆಗೋ ಒಂದು ಹೆಸರು ಕೊಟ್ಟರೆ ಮಾತ್ರ ಅದು ಬಾಯಿಂದ ಬಾಯಿಗೆ ಹೋಗುತ್ತೆ.

ಹಾಗಾದರೆ ಪಕ್ಷಗಳು ಖರ್ಚು ಮಾಡೋದೇಕೆ?

ಸಣ್ಣ ವ್ಯತ್ಯಾಸವೂ ಸಾಕಾಗುವ ಕ್ಷೇತ್ರಗಳಿವೆ. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದಿದ್ದು ಒಂದೇ ಒಂದು ಮತದಿಂದ. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಗೆಲುವಿನ ಅಂತರ 16 ಮತ. ಇಂಥ ಕಡೆ ನೂರರಲ್ಲಿ ಒಬ್ಬ ಮನಸ್ಸು ಬದಲಿಸಿದರೂ ಫಲಿತಾಂಶ ತಲೆಕೆಳಗಾಗುತ್ತೆ. ಜೊತೆಗೆ, ಎದುರಾಳಿ ಹಾಕಿದ ಮೇಲೆ ತಾನು ಸುಮ್ಮನಿದ್ದರೆ ಸೋತಂತೆ ಕಾಣುತ್ತೆ ಎಂಬ ಭಯವೂ ಇದೆ.

ಅಂಗಡಿಯವರು ಗಮನಿಸಬೇಕಾದ್ದು

* ಗೋಡೆ: ನೀತಿ ಸಂಹಿತೆ ಪ್ರಕಾರ ಮಾಲೀಕರ ಅನುಮತಿ ಇಲ್ಲದೆ ಯಾವ ಪಕ್ಷವೂ ಗೋಡೆ, ಕಾಂಪೌಂಡ್ ಮೇಲೆ ಪೋಸ್ಟರ್ ಅಂಟಿಸುವಂತಿಲ್ಲ, ಬಾವುಟ ಕಟ್ಟುವಂತಿಲ್ಲ. ತೆರೆದ ಸ್ಥಳಗಳ ವಿರೂಪ ತಡೆಗೆ ರಾಜ್ಯದಲ್ಲಿ 1981ರ ಕಾಯ್ದೆ ಬೇರೆ ಇದೆ. ಆದ್ದರಿಂದ ಮಾಲೀಕರು ಒಪ್ಪಿದರೂ ಸ್ಥಳೀಯ ಸಂಸ್ಥೆಯ ಅನುಮತಿ ಇದೆಯಾ ಅಂತ ಕೇಳಿಕೊಳ್ಳಬೇಕು.

* ಶುಭ ಕೋರುವ ಫ್ಲೆಕ್ಸ್: ಅಭಿಮಾನಕ್ಕೆ ಅಂತ ಅಂಗಡಿ ಮುಂದೆ ಅಭ್ಯರ್ಥಿಯ ಫ್ಲೆಕ್ಸ್ ಹಾಕುವವರು ಹುಷಾರಾಗಿರಬೇಕು. ಅಭ್ಯರ್ಥಿಯ ಲಿಖಿತ ಒಪ್ಪಿಗೆ ಇಲ್ಲದೆ ಅವರ ಪರ ಜಾಹೀರಾತಿಗೆ ಖರ್ಚು ಮಾಡುವುದು ಅಪರಾಧ. ಒಪ್ಪಿಗೆ ಇದ್ದರೆ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಸೇರುತ್ತೆ. ಕರ್ನಾಟಕದಲ್ಲಿ ಅಭ್ಯರ್ಥಿಯ ವೆಚ್ಚದ ಮಿತಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ ರೂಪಾಯಿ. ಪಕ್ಷದ ಖರ್ಚಿಗೆ ಮಿತಿ ಇಲ್ಲ.

* ಪ್ರಿಂಟಿಂಗ್ ಪ್ರೆಸ್: ಜನಪ್ರತಿನಿಧಿ ಕಾಯ್ದೆಯ 127ಎ ಕಲಂ ಪ್ರಕಾರ ಕರಪತ್ರ, ಪೋಸ್ಟರ್ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಮುದ್ರಿಸುವ ಮೊದಲು ಪ್ರಕಾಶಕರ ಸಹಿ ಇರುವ, ಅವರ ಪರಿಚಯದ ಇಬ್ಬರು ದೃಢೀಕರಿಸಿದ ಘೋಷಣೆ ಪಡೆಯಬೇಕು. ಅದರ ಪ್ರತಿ ಮತ್ತು ಮುದ್ರಿಸಿದ ಪ್ರತಿಯನ್ನು ಜಿಲ್ಲಾ ದಂಡಾಧಿಕಾರಿಗೆ ಕಳಿಸಬೇಕು. ತಪ್ಪಿದರೆ 6 ತಿಂಗಳವರೆಗೆ ಜೈಲು, 2,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಮತದಾರರು ಗಮನಿಸಬೇಕಾದ್ದು

* ಹೆಸರು, ವಿಳಾಸ ಇಲ್ಲದ ಕರಪತ್ರ ರಾತ್ರೋರಾತ್ರಿ ಬಾಗಿಲಿಗೆ ಬಂದರೆ ಅದು ನಿಯಮ ಮೀರಿದ್ದು ಅಂತಲೇ ಅರ್ಥ. ಅದನ್ನು ಫೋಟೋ ತೆಗೆದು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕುವ ಬದಲು ಆಯೋಗದ 'ಸಿ-ವಿಜಿಲ್' ಆ್ಯಪ್‌ಗೆ ಹಾಕಿ. 1950ಕ್ಕೂ ಕರೆ ಮಾಡಬಹುದು.

* ಟಿವಿ ಜಾಹೀರಾತಿಗೆ ಮೊದಲೇ ಪ್ರಮಾಣೀಕರಣ ಬೇಕು. ಮತದಾನ ಮುಗಿಯುವ ಹೊತ್ತಿಗೆ ಹಿಂದಿನ 48 ಗಂಟೆ ಟಿವಿಯಲ್ಲಿ ಚುನಾವಣಾ ಪ್ರಚಾರ ತೋರಿಸುವಂತಿಲ್ಲ. 2023ರಲ್ಲಿ ಮೇ 9 ಮತ್ತು 10ರ ಪತ್ರಿಕಾ ಜಾಹೀರಾತಿಗೂ ಪೂರ್ವಾನುಮತಿ ಬೇಕು ಎಂದು ಆಯೋಗ ಹೇಳಿತ್ತು. ಕೊನೇ ಗಳಿಗೆಯ ಆರೋಪಕ್ಕೆ ಉತ್ತರ ಕೊಡಲು ಎದುರಾಳಿಗೆ ಸಮಯವೇ ಇರಲ್ಲ ಎಂಬುದು ಕಾರಣ.

* ಕ್ರಿಮಿನಲ್ ಕೇಸ್ ಇರುವ ಅಭ್ಯರ್ಥಿ ತನ್ನ ಕೇಸುಗಳ ವಿವರವನ್ನು ಪತ್ರಿಕೆ, ಟಿವಿಯಲ್ಲಿ ಮೂರು ಬಾರಿ ಪ್ರಕಟಿಸಬೇಕು. ದೊಡ್ಡ ನಗುಮುಖದ ಜಾಹೀರಾತು ಎಲ್ಲರ ಕಣ್ಣಿಗೂ ಬೀಳುತ್ತೆ, ಸಣ್ಣ ಅಕ್ಷರದ ಇದನ್ನು ಓದುವವರು ಕಡಿಮೆ. ಆಯೋಗದ 'ನೋ ಯುವರ್ ಕ್ಯಾಂಡಿಡೇಟ್' ಆ್ಯಪ್‌ನಲ್ಲಿ ಅಭ್ಯರ್ಥಿಯ ಪ್ರಮಾಣಪತ್ರವೂ ಸಿಗುತ್ತೆ. ಆಸ್ತಿ, ಸಾಲ, ಕೇಸು ಎಲ್ಲ ಅದರಲ್ಲಿರುತ್ತೆ. ಓಟು ಹಾಕೋ ಮುನ್ನ ಒಮ್ಮೆ ತೆಗೆದು ನೋಡಿ.