ಕೋಲಾರದ ಗಣಿಗಳಲ್ಲಿ ಶಿಲಾಸ್ಫೋಟ: ಸಂತುಲಿತ ಬಲಗಳ ಒಂದು ಇತಿಹಾಸ

ಕೋಲಾರದಿಂದ ಮುಳಬಾಗಿಲಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ದೇವರಾಯಸಮುದ್ರ ಸಿಗುತ್ತದೆ. ಈ ಸೀಮೆಯ ಗುಡ್ಡಗಳಲ್ಲಿ ದೊಡ್ಡ ದೊಡ್ಡ ಬಂಡೆಗಳು ಒಂದರ ಮೇಲೊಂದು ಕುಳಿತಿರುವುದನ್ನು ನೀವು ನೋಡಿರಬಹುದು. ಅಂಥ ಒಂದು ಬಂಡೆಯ ಮೇಲೆ ಯಾವ ಬಲಗಳು ವರ್ತಿಸುತ್ತಿವೆ ಎಂದು ವಿದ್ಯಾರ್ಥಿಗಳನ್ನು ಕೇಳಿದರೆ, ಅದು ಅಲುಗುತ್ತಿಲ್ಲವಾದ್ದರಿಂದ ಯಾವ ಬಲವೂ ಇಲ್ಲ ಎಂಬ ಉತ್ತರವೇ ಹೆಚ್ಚಾಗಿ ಬರುತ್ತದೆ. ವಾಸ್ತವವಾಗಿ ಬಂಡೆಯ ತೂಕ ಕೆಳಮುಖವಾಗಿಯೂ ಆಧಾರಶಿಲೆಯ ಒತ್ತು ಮೇಲ್ಮುಖವಾಗಿಯೂ ವರ್ತಿಸುತ್ತವೆ. ಇವು ಸಮ ಮತ್ತು ವಿರುದ್ಧ, ಆದ್ದರಿಂದ ಸಂತುಲಿತ. (ಇವೆರಡನ್ನೂ ನ್ಯೂಟನ್ನನ ಮೂರನೆಯ ನಿಯಮದ ಕ್ರಿಯೆ-ಪ್ರತಿಕ್ರಿಯೆಗಳೆಂದು ಬರೆಯುವವರಿದ್ದಾರೆ. ಅದು ಸರಿಯಲ್ಲ. ಕ್ರಿಯೆ-ಪ್ರತಿಕ್ರಿಯೆಗಳು ಎರಡು ಬೇರೆ ಬೇರೆ ವಸ್ತುಗಳ ಮೇಲೆ ವರ್ತಿಸುತ್ತವೆ. ಇಲ್ಲಿ ಎರಡೂ ಬಲಗಳು ಒಂದೇ ಬಂಡೆಯ ಮೇಲಿವೆ.)

ನಿವ್ವಳ ಬಲ ಶೂನ್ಯ ಎಂದರೆ ಬಲಗಳೇ ಇಲ್ಲ ಎಂದಲ್ಲ. ಪಠ್ಯಪುಸ್ತಕದ ಈ ಸಣ್ಣ ವ್ಯತ್ಯಾಸ ಇದೇ ಜಿಲ್ಲೆಯ ಕೋಲಾರ ಚಿನ್ನದ ಗಣಿಗಳಲ್ಲಿ ಸುಮಾರು ಒಂದು ಶತಮಾನ ಕಾಲ ಕಾರ್ಮಿಕರ ಪ್ರಾಣದ ಪ್ರಶ್ನೆಯಾಗಿತ್ತು.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಇಲ್ಲಿ ಗಣಿಗಾರಿಕೆಯ ಹೊಣೆ ಹೊತ್ತ ಮೇಲೆ ಸುರಂಗಗಳು ಬಹುಬೇಗ ಆಳಕ್ಕೆ ಇಳಿದವು. ಆಳ ಹೆಚ್ಚಿದಂತೆ ಒಂದು ವಿಚಿತ್ರ ಅಪಾಯ ಕಾಣಿಸಿಕೊಂಡಿತು. ಯಾರೂ ಸಿಡಿಮದ್ದು ಹೊತ್ತಿಸದಿದ್ದರೂ ಸುರಂಗದ ಗೋಡೆ ಗುಂಡು ಹಾರಿದಂತೆ ಸಿಡಿಯುತ್ತಿತ್ತು. ಚೂರುಗಳೊಡನೆ ಗಾಳಿಯ ಹೊಡೆತವೂ ಬರುತ್ತಿತ್ತು. ಆದಕಾರಣ ಗಣಿಯವರು ಇದನ್ನು ‘ಏರ್ ಬ್ಲಾಸ್ಟ್’ ಎಂದು ಕರೆದರು. ಮೈಸೂರು ಸಂಸ್ಥಾನದ ಭೂವಿಜ್ಞಾನಿ ಡಬ್ಲ್ಯು. ಎಫ್. ಸ್ಮೀತ್ ಅವರು 1904ರಲ್ಲಿ ಪ್ರಕಟಿಸಿದ ವರದಿಯ ಶೀರ್ಷಿಕೆಯಲ್ಲೂ ಇದೇ ಪದವಿದೆ. ಹೆಸರು ದಾರಿ ತಪ್ಪಿಸುವಂಥದು. ಗಾಳಿ ಇಲ್ಲಿ ಕಾರಣವಲ್ಲ. ಪೊಳ್ಳು ಜಾಗ ಹಠಾತ್ತನೆ ಕುಗ್ಗಿದಾಗ ಹೊರದೂಡಲ್ಪಟ್ಟದ್ದು ಅಷ್ಟೆ. ಮುಂದೆ ‘ಶಿಲಾಸ್ಫೋಟ’ ಎಂಬರ್ಥದ ಪದವೇ ನೆಲೆಗೊಂಡಿತು.

ಚಾಂಪಿಯನ್ ರೀಫ್ ಗಣಿ ಕೊನೆಗೆ ಸುಮಾರು 3,200 ಮೀಟರ್ ಆಳ ತಲಪಿತು. ಅಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ನಿಂತಿರುವ ಶಿಲಾಸ್ತಂಭವನ್ನು ಊಹಿಸಿಕೊಳ್ಳಿ. ಘನಮೀಟರಿಗೆ 2.9 ಟನ್ನಿನಂತೆ ಲೆಕ್ಕ ಹಾಕಿದರೆ ಅದರ ತೂಕ 9,000 ಟನ್ನಿಗೂ ಹೆಚ್ಚು, ಅಂದರೆ ವಾಯುಭಾರದ ಸುಮಾರು 900 ಪಟ್ಟು ಒತ್ತಡ. ಪಕ್ಕಗಳಿಂದಲೂ ಇಂಥದೇ ಅಗಾಧ ಒತ್ತಡವಿರುತ್ತದೆ. ಅಗೆಯುವ ಮೊದಲು ಈ ಬಲಗಳೆಲ್ಲ ಸಂತುಲಿತ. ಶಿಲೆ ಕೋಟ್ಯಂತರ ವರ್ಷ ಹಾಗೆಯೇ ನಿಶ್ಚಲವಾಗಿತ್ತು.

ಈಗ ಸುರಂಗ ಕೊರೆಯಿರಿ. ಗೋಡೆಯ ಶಿಲೆಯನ್ನು ಇದುವರೆಗೆ ಎದುರಿನಿಂದ ಒತ್ತುತ್ತಿದ್ದ ಭಾಗವೇ ಇಲ್ಲವಾಯಿತು. ಗೋಡೆ ಸ್ವಲ್ಪ ಒಳಸರಿಯುತ್ತದೆ, ಅದು ಹೊರುತ್ತಿದ್ದ ಭಾರ ಸುತ್ತಲಿನ ಶಿಲೆಗೆ ವರ್ಗವಾಗುತ್ತದೆ, ಹೊಸ ಸಮತೋಲ ಏರ್ಪಡುತ್ತದೆ. ಒಂದೇ ದಿಕ್ಕಿನಲ್ಲಿ ಒತ್ತಲ್ಪಟ್ಟ ಫಲಕದಲ್ಲಿ ದುಂಡು ರಂಧ್ರವಿದ್ದರೆ ಅದರ ಅಂಚಿನಲ್ಲಿ ಪೀಡನ 3 ಪಟ್ಟಾಗುತ್ತದೆ ಎಂದು ಜರ್ಮನಿಯ ಕಿರ್ಶ್ 1898ರಲ್ಲಿ ಗಣಿತದಿಂದ ತೋರಿಸಿದ. ಎಲ್ಲವೂ ಮತ್ತೆ ನಿಶ್ಚಲ, ನಿವ್ವಳ ಬಲ ಮತ್ತೆ ಶೂನ್ಯ. ಆದರೆ ಶಿಲೆ ತನ್ನ ಮಿತಿಗೆ ಎಷ್ಟು ಹತ್ತಿರ ಬಂದಿದೆ ಎಂಬುದನ್ನು ಆ ಶೂನ್ಯ ಹೇಳುವುದಿಲ್ಲ. ಹಗ್ಗಜಗ್ಗಾಟದಲ್ಲಿ ಎರಡೂ ಕಡೆಯವರು ಒಂದೇ ಸಮನೆ ಬಲ ಹೆಚ್ಚಿಸುತ್ತ ಹೋದರೆ ಹಗ್ಗ ಅಲುಗುವುದಿಲ್ಲ. ತುಂಡಾದ ಕ್ಷಣದಲ್ಲಿ ಮಾತ್ರ ಎರಡೂ ತಂಡಗಳು ಹಿಂದಕ್ಕೆ ಉರುಳುತ್ತವೆ.

ಗಣಿಯಲ್ಲಿ ಹಗ್ಗದ ಪಾತ್ರ ವಹಿಸಿದ್ದು ಆಧಾರಕ್ಕೆಂದು ಬಿಟ್ಟ ಅದಿರಿನ ಕಂಬಗಳು. ಕೋಲಾರದ ಚಿನ್ನದ ಸಿರ ಕಡಿದಾಗಿ ಇಳಿಯುವುದರಿಂದ, ಅದಿರು ತೆಗೆದಂತೆಲ್ಲ ಎರಡು ಪಕ್ಕದ ಗೋಡೆಗಳು ಒಂದನ್ನೊಂದು ಸಮೀಪಿಸಲು ಹವಣಿಸುತ್ತವೆ. ಕಂಬದ ಅಡ್ಡಕೊಯ್ತ ಅರ್ಧವಾದರೆ, ಹೊರುವ ಭಾರ ಅಷ್ಟೇ ಇದ್ದರೂ, ಪೀಡನ ಇಮ್ಮಡಿಯಾಗುತ್ತದೆ. ಮೆದು ಶಿಲೆಯಾಗಿದ್ದರೆ ನಿಧಾನವಾಗಿ ಜಜ್ಜಿಹೋಗುತ್ತಿತ್ತು. ಇಲ್ಲಿನದು ಗಟ್ಟಿ, ಪೆಡಸು. ಒತ್ತಿದ ಸ್ಪ್ರಿಂಗಿನಂತೆ ಸ್ಥಿತಿಸ್ಥಾಪಕ ಶಕ್ತಿಯನ್ನು ಕೂಡಿಟ್ಟುಕೊಂಡು ಒಮ್ಮೆಲೇ ಒಡೆಯುತ್ತದೆ. ಆಗ ಅಸಂತುಲಿತ ಬಲ ಚೂರುಗಳಿಗೆ ವೇಗೋತ್ಕರ್ಷ ಕೊಡುತ್ತದೆ. ಒಡೆದ ಕಂಬದ ಹೊರೆ ನೆರೆಯ ಕಂಬಗಳ ಮೇಲೆ ಬೀಳುವುದರಿಂದ ದೊಡ್ಡ ಸ್ಫೋಟಗಳು ಸರಣಿಯಾಗಿ ಬರುತ್ತಿದ್ದವು. ಮೇಲಿನ ಊರಿನ ಮನೆಗಳೂ ನಡುಗುತ್ತಿದ್ದವು.

ಪರಿಹಾರ ಅನುಭವದಿಂದ ಬಂತು. ಮರದ ಆಧಾರ ಸುಲಭವಾಗಿ ಜಜ್ಜಿಹೋಗುತ್ತಿದ್ದರಿಂದ ಖಾಲಿ ಜಾಗಗಳಲ್ಲಿ ಗ್ರಾನೈಟ್ ಕಲ್ಲಿನ ಗೋಡೆ ಕಟ್ಟಿದರು. ಆಮೇಲೆ ಕಾಂಕ್ರೀಟ್ ಬಂತು. ಒಂಟಿ ಕಂಬಗಳನ್ನು ಬಿಡದಂತೆ ಅಗೆಯುವ ಕ್ರಮವನ್ನೇ ಬದಲಿಸಿದರು. ನನ್ನ ಅಭಿಪ್ರಾಯದಲ್ಲಿ ಈ ಎರಡನೆಯದೇ ಹೆಚ್ಚು ಬುದ್ಧಿವಂತಿಕೆಯ ಕ್ರಮ. ಗೋಡೆ ಎಷ್ಟೇ ಬಲವಾಗಿದ್ದರೂ ಮೂರು ಕಿಲೋಮೀಟರ್ ಶಿಲೆಯ ಎದುರು ಅದು ಅಲ್ಪ. ಭಾರ ಎಲ್ಲಿಗೆ ವರ್ಗವಾಗಬೇಕೆಂಬುದನ್ನು ಮಾತ್ರ ಮನುಷ್ಯ ಒಂದಿಷ್ಟು ನಿರ್ಧರಿಸಬಲ್ಲ.

1965ರಲ್ಲಿ ಗೌರಿಬಿದನೂರಿನಲ್ಲಿ ಸ್ಥಾಪಿತವಾದ ಭೂಕಂಪ ಮಾಪಕಗಳ ವ್ಯೂಹ ಈ ಸ್ಫೋಟಗಳನ್ನೂ ಗುರುತಿಸುತ್ತಿತ್ತು. ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನೆರವಿನಿಂದ 1978ರಲ್ಲಿ ಗಣಿ ಪ್ರದೇಶದಲ್ಲೇ ಜಿಯೋಫೋನ್ ಜಾಲ ಬಂತು. ಶಿಲೆ ಒಡೆಯುವ ಮುನ್ನ ಉಂಟಾಗುವ ಸಣ್ಣ ಬಿರುಕುಗಳ ಸದ್ದನ್ನು ಆಲಿಸಿ ಅಪಾಯದ ಜಾಗವನ್ನು ಗುರುತಿಸುವ ಪ್ರಯತ್ನ ಅದು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಹುಟ್ಟಿದ್ದು ಕೋಲಾರ ಚಿನ್ನದ ಗಣಿ ಪ್ರದೇಶದಲ್ಲೇ ಎಂಬುದು ಆಕಸ್ಮಿಕವಲ್ಲ.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು, ನೀರೆತ್ತುವ ಪಂಪುಗಳೂ ನಿಂತವು. ಅಗೆತ ನಿಂತ ಮೇಲೂ ಕಂಪನಗಳು ದಾಖಲಾದವು. ಸುರಂಗಗಳಲ್ಲಿ ತುಂಬಿದ ನೀರು ಬಿರುಕುಗಳೊಳಗೆ ಇಳಿದು ಎರಡು ಮೈಗಳನ್ನು ಹೊರಕ್ಕೆ ಒತ್ತುತ್ತದೆ. ಅವನ್ನು ಒತ್ತಿ ಹಿಡಿದಿದ್ದ ಲಂಬ ಬಲ ಕಡಿಮೆಯಾದಷ್ಟೂ ಘರ್ಷಣೆ ಕುಗ್ಗಿ, ಅಲ್ಲಿಯವರೆಗೆ ಜಾರದೆ ನಿಂತಿದ್ದ ಶಿಲೆ ಜಾರುತ್ತದೆ.